ಮೊಡವೆಗೆ ಮದ್ದು: ಸ್ವಲ್ಪವೇ ಸಾಕು, ತಾಳ್ಮೆ ಬೇಕು



ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ಬರೆದಿದ್ದೆವು. ಈ ಸಲ ತೋಟದಿಂದ ಮನೆಯ ಅಂಗಳಕ್ಕೆ ಬಂದು, ನಮ್ಮ ಮಕ್ಕಳ ಮುಖವನ್ನು ಸ್ವಲ್ಪ ನೋಡೋಣ. ವಿಷಯ ಸಣ್ಣದೆಂದು ಕೆಲವರಿಗೆ ಅನಿಸಬಹುದು. ನಮಗೂ ಒಂದು ಕಾಲದಲ್ಲಿ ಹಾಗೆಯೇ ಅನಿಸಿತ್ತು.

ಕೆಲವು ತಿಂಗಳ ಹಿಂದೆ ಆದಿತ್ಯವಾರದ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಹುಡುಗ ಪ್ಲಸ್ ಟು ಓದುತ್ತಿದ್ದಾನೆ. ಒಳ್ಳೆಯ ಕಂಠ. ಗಾಯನ ವೃಂದದಲ್ಲಿ ಎದುರು ಸಾಲಿನಲ್ಲಿ ನಿಲ್ಲುತ್ತಿದ್ದವನು ಮೂರು ತಿಂಗಳಿಂದ ಹಿಂದಿನ ಬಾಗಿಲ ಹತ್ತಿರ ತಲೆ ತಗ್ಗಿಸಿ ಕುಳಿತು, ಪೂಜೆ ಮುಗಿಯುವ ಮೊದಲೇ ಹೊರಟು ಹೋಗುತ್ತಿದ್ದ. "ಫಾದರ್, ಇವನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ. ಈಗ ಶಾಲೆಗೂ ಹೋಗುವುದಿಲ್ಲ ಅಂತ ಹೇಳ್ತಾನೆ" ಎಂದರು ತಾಯಿ. ಹುಡುಗ ಮುಖ ಎತ್ತಿದಾಗ ಕಾರಣ ಗೊತ್ತಾಯಿತು. ಕೆನ್ನೆ, ಹಣೆ, ಗಲ್ಲದ ತುಂಬ ಕೆಂಪು ಮೊಡವೆಗಳು. ಕೆಲವು ಕೀವು ತುಂಬಿದವು, ಕೆಲವು ಉಗುರಿನಿಂದ ಚಿವುಟಿ ಗಾಯವಾದವು.

"ಏನು ಹಚ್ಚುತ್ತಿದ್ದೀ?" ಎಂದು ಕೇಳಿದೆವು. ಅವನು ಕಿಸೆಯಿಂದ ಒಂದು ಟ್ಯೂಬು ತೆಗೆದು ತೋರಿಸಿದ. ಗೆಳೆಯನೊಬ್ಬ ಕೊಟ್ಟದ್ದಂತೆ. "ಒಂದು ವಾರದಲ್ಲಿ ಮುಖ ಚಂದ ಆಗಿತ್ತು ಫಾದರ್. ಈಗ ಹಚ್ಚಿದರೂ ಮೊಡವೆ ಬರ್ತದೆ, ಬಿಟ್ಟರೆ ಮುಖ ಉರೀತದೆ" ಎಂದ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿ ಓದಿದಾಗ ಅದು ಸ್ಟಿರಾಯ್ಡ್ ಬೆರೆಸಿದ ಕ್ರೀಮು ಎಂದು ತಿಳಿಯಿತು.

ಆ ಕ್ಷಣ ನಮಗೆ ಇನ್ನೊಬ್ಬ ಹುಡುಗನ ನೆನಪಾಯಿತು. ಬಹಳ ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಇಂಥದೇ ಮುಖ ಹೊತ್ತು ಬಂದವನಿಗೆ ನಾವು ನಕ್ಕು, "ಪ್ರಾಯದ ಮೊಡವೆ ಮಾರಾಯ, ಮದುವೆ ಆಗುವಾಗ ಹೋಗ್ತದೆ" ಎಂದು ಹೇಳಿ ಕಳುಹಿಸಿದ್ದೆವು. ಅವನ ಮದುವೆಯನ್ನು ನೆರವೇರಿಸಿದವರೂ ನಾವೇ. ಮೊಡವೆ ಹೋಗಿತ್ತು, ಆದರೆ ಎರಡೂ ಕೆನ್ನೆಗಳಲ್ಲಿ ಗುಳಿಗಳು ಉಳಿದಿದ್ದವು. ಫೋಟೋ ತೆಗೆಯುವಾಗಲೆಲ್ಲ ಅವನು ಒಂದು ಕೈಯನ್ನು ಕೆನ್ನೆಯ ಮೇಲಿಟ್ಟುಕೊಳ್ಳುತ್ತಿದ್ದ. ಸಕಾಲದಲ್ಲಿ ಸರಿಯಾದ ಮದ್ದು ತಿಳಿಸಿದ್ದರೆ ಅಷ್ಟು ಕಲೆ ಉಳಿಯುತ್ತಿರಲಿಲ್ಲವೇನೋ ಎಂಬ ನೋವು ನಮಗೆ ಈಗಲೂ ಇದೆ. ಆದುದರಿಂದ ಈ ಸಲ ನಾವು ಬುದ್ಧಿ ಹೇಳಲಿಲ್ಲ. ಹುಡುಗನನ್ನು ಚರ್ಮರೋಗ ತಜ್ಞರ ಬಳಿಗೆ ಕಳುಹಿಸಿದೆವು. ಅವರಿಂದ ತಿಳಿದುಕೊಂಡ ಮತ್ತು ಓದಿ ಮನನ ಮಾಡಿಕೊಂಡ ವಿಷಯಗಳನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ಮೊಡವೆ ಹೇಗೆ ಹುಟ್ಟುತ್ತದೆ?

ನಮ್ಮ ಚರ್ಮದಲ್ಲಿ ಪ್ರತಿಯೊಂದು ರೋಮದ ಬುಡದಲ್ಲಿ ಒಂದು ಸಣ್ಣ ಗುಳಿಯಿದೆ. ಅದಕ್ಕೆ ಅಂಟಿಕೊಂಡು ಎಣ್ಣೆ ಗ್ರಂಥಿಯೊಂದಿದೆ. ಈ ಗ್ರಂಥಿಯಿಂದ ಒಸರುವ ಜಿಡ್ಡು ಚರ್ಮವನ್ನು ಮೃದುವಾಗಿಡುತ್ತದೆ. ಹದಿಹರೆಯದಲ್ಲಿ ದೇಹದ ಹಾರ್ಮೋನುಗಳು ಏರಿದಾಗ ಜಿಡ್ಡು ಹೆಚ್ಚಾಗಿ ಒಸರುತ್ತದೆ. ಅದೇ ಸಮಯದಲ್ಲಿ ಗುಳಿಯ ಬಾಯಲ್ಲಿ ಸತ್ತ ಚರ್ಮದ ಪದರಗಳು ಉದುರದೆ ಅಂಟಿಕೊಂಡು ಬಿರಡೆಯಂತೆ ಕೂರುತ್ತವೆ. ನೀರು ಹೋಗುವ ಕಣಿಗೆ ಸೋಗೆ, ತರಗೆಲೆ ಅಡ್ಡ ಬಿದ್ದರೆ ಹಿಂದೆ ನೀರು ಕಟ್ಟಿ ನಿಲ್ಲುವುದಿಲ್ಲವೇ? ಇಲ್ಲಿಯೂ ಹಾಗೆಯೇ ಜಿಡ್ಡು ಒಳಗೆ ಕಟ್ಟಿ ನಿಲ್ಲುತ್ತದೆ.

ಹೀಗೆ ಕಟ್ಟಿದ ಜಿಡ್ಡಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯ ಹೆಚ್ಚುತ್ತದೆ. ಅದಕ್ಕೆ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂದು ಹೆಸರು. 2016ರ ತನಕ ಅದನ್ನು ಪ್ರೊಪಿಯೋನಿಬ್ಯಾಕ್ಟೀರಿಯಮ್ ಆಕ್ನೆಸ್ ಎಂದು ಕರೆಯುತ್ತಿದ್ದರು. ಇದು ಹೊರಗಿನಿಂದ ಅಂಟಿದ ರೋಗಾಣುವಲ್ಲ. ಎಲ್ಲರ ಚರ್ಮದ ಮೇಲೂ ಇರುವಂಥದ್ದು. ಗಾಳಿಯಾಡದ ಜಾಗವೆಂದರೆ ಅದಕ್ಕೆ ಇಷ್ಟ. ಮುಚ್ಚಿದ ಗುಳಿಯೊಳಗೆ ಅದು ಬೆಳೆದಾಗ ದೇಹ ಎದುರಿಸಲು ಹೊರಡುತ್ತದೆ. ಆಗ ಕೆಂಪು, ಊತ, ನೋವು, ಕೀವು ಕಾಣಿಸಿಕೊಳ್ಳುತ್ತವೆ. 12ರಿಂದ 24ರ ಪ್ರಾಯದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುತ್ತದೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಆದುದರಿಂದ ಇದು ಕೊಳಕುತನದ ಗುರುತಲ್ಲ, ಸಾಂಕ್ರಾಮಿಕವೂ ಅಲ್ಲ. ದಿನಕ್ಕೆ ಹತ್ತು ಸಲ ಸಾಬೂನು ಹಾಕಿ ತಿಕ್ಕಿದರೆ ಹೋಗುವುದೂ ಇಲ್ಲ. ಹೆಚ್ಚು ತಿಕ್ಕಿದರೆ ಕೆರಳುತ್ತದೆ ಅಷ್ಟೇ.

ಹಳೆಯ ಮದ್ದು, ಇಂದಿಗೂ ಉಪಯುಕ್ತ

ಈ ಮೊಡವೆಗೆ ಜಗತ್ತಿನಾದ್ಯಂತ ವೈದ್ಯರು ಮೊದಲು ನೆನೆಯುವ ಮದ್ದುಗಳಲ್ಲಿ ಒಂದು ಬೆಂಜಾಯಿಲ್ ಪೆರಾಕ್ಸೈಡ್. ಹೆಸರು ಉದ್ದವಾದರೂ ವಸ್ತು ಹೊಸದಲ್ಲ. 1930ರ ಸುಮಾರಿಗೇ ಗಾಯಗಳಿಗೆ ಮತ್ತು ಚರ್ಮದ ಕೆಲವು ರೋಗಗಳಿಗೆ ಇದನ್ನು ಬಳಸಿ ನೋಡಿದ್ದರು. 1965ರಲ್ಲಿ ಕೆನಡಾದ ವೈದ್ಯ ವಿಲಿಯಂ ಪೇಸ್ ಎಂಬವರು ಗಂಧಕದ ಜತೆ ಬೆರೆಸಿದ ಕ್ರೀಮಿನ ರೂಪದಲ್ಲಿ ಮೊಡವೆಗೆ ಬಳಸಿದ ಅನುಭವವನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯ ಔಷಧಿಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಅಮೇರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನು ಬಲವಾಗಿ ಶಿಫಾರಸು ಮಾಡಿದೆ.

ಇದು ಕೆಲಸ ಮಾಡುವ ಬಗೆ ಸರಳ. ಚರ್ಮಕ್ಕೆ ಹಚ್ಚಿದಾಗ ಈ ವಸ್ತು ಒಡೆದು ಆಮ್ಲಜನಕದ ಚುರುಕು ಕಣಗಳನ್ನು ಬಿಡುತ್ತದೆ. ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯ ಅದರ ಎದುರು ಬದುಕಲಾರದು. ಜತೆಗೆ ಗುಳಿಯ ಬಾಯಲ್ಲಿ ಕೂತ ಬಿರಡೆಯನ್ನೂ ಸ್ವಲ್ಪಮಟ್ಟಿಗೆ ಸಡಿಲಿಸುತ್ತದೆ. ಉಳಿಯುವುದು ಬೆಂಜಾಯಿಕ್ ಆಮ್ಲ. ಹಣ್ಣಿನ ಶರಬತ್ತು, ಉಪ್ಪಿನಕಾಯಿ ಕೆಡದಂತೆ ಕಾರ್ಖಾನೆಗಳಲ್ಲಿ ಬಳಸುವ ವಸ್ತುವಿನ ಜಾತಿಯದೇ ಅದು. ಚರ್ಮದ ಮೂಲಕ ಒಳಗೆ ಹೋದ ಅಲ್ಪ ಭಾಗ ಮೂತ್ರದಲ್ಲಿ ಹೊರಟುಹೋಗುತ್ತದೆ.

ಇದರ ದೊಡ್ಡ ಗುಣವೊಂದಿದೆ. ಆಂಟಿಬಯೋಟಿಕ್ ಮದ್ದುಗಳನ್ನು ಬಹಳ ಕಾಲ ಬಳಸಿದರೆ ಬ್ಯಾಕ್ಟೀರಿಯಗಳು ಅವಕ್ಕೆ ಒಗ್ಗಿಕೊಂಡು ಬಗ್ಗದಂತಾಗುತ್ತವೆ. ಬೆಂಜಾಯಿಲ್ ಪೆರಾಕ್ಸೈಡಿಗೆ ಹಾಗೆ ಒಗ್ಗಿಕೊಂಡದ್ದು ಕಂಡುಬಂದಿಲ್ಲ. ಆದುದರಿಂದಲೇ ಕ್ಲಿಂಡಮೈಸಿನ್‌ನಂಥ ಆಂಟಿಬಯೋಟಿಕ್ ಲೇಪವನ್ನು ಮೊಡವೆಗೆ ಒಂಟಿಯಾಗಿ ಹಚ್ಚಬಾರದು, ಇದರ ಜತೆಯಲ್ಲೇ ಬಳಸಬೇಕು ಎಂದು ತಜ್ಞರು ಹೇಳುತ್ತಾರೆ.

ಬಲ ಹೆಚ್ಚಾದರೆ ಗುಣ ಹೆಚ್ಚೇ?

ಔಷಧಿ ಅಂಗಡಿಯಲ್ಲಿ ಇದು ಶೇಕಡಾ 2.5, 5 ಮತ್ತು 10ರ ಬಲದಲ್ಲಿ ಸಿಗುತ್ತದೆ. "ಬೇಗ ಗುಣವಾಗಲಿ, ಹತ್ತರದ್ದೇ ಕೊಡಿ" ಎಂದು ಕೇಳುವವರು ಹೆಚ್ಚು. ಇಲ್ಲಿ ಕೃಷಿಕರಾದ ನಮಗೆ ಗೊತ್ತಿರುವ ಒಂದು ಮಾತನ್ನು ನೆನಪಿಸಿಕೊಳ್ಳೋಣ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕೊಳೆರೋಗ ಬೇಗ ನಿಲ್ಲಲಿ ಎಂದು ಯಾರಾದರೂ ಮೈಲುತುತ್ತು ಇಮ್ಮಡಿ ಹಾಕುತ್ತಾರೆಯೇ? ಹಾಕಿದರೆ ಎಳೆಯ ಕಾಯಿಯೇ ಸುಟ್ಟುಹೋದೀತು.

ಮುಖದ ಮದ್ದಿನಲ್ಲಿಯೂ ಅದೇ ಲೆಕ್ಕ. 1986ರಲ್ಲಿ ಪ್ರಕಟವಾದ, ಮಿಲ್ಸ್, ಕ್ಲಿಗ್‌ಮನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 153 ಮಂದಿಯ ಮೇಲೆ ಈ ಮೂರೂ ಬಲಗಳನ್ನು ಹೋಲಿಸಿ ನೋಡಿದರು. ಕೆಂಪಾಗಿ ಕೀವಾಗುವ ಮೊಡವೆಗಳನ್ನು ತಗ್ಗಿಸುವುದರಲ್ಲಿ ಶೇಕಡಾ 2.5ರ ಮದ್ದು 5 ಮತ್ತು 10ರಷ್ಟೇ ಪರಿಣಾಮಕಾರಿಯಾಗಿತ್ತು. ಚರ್ಮ ಸುಲಿಯುವುದು, ಕೆಂಪೇರುವುದು, ಉರಿಯುವುದು ಮಾತ್ರ ಶೇಕಡಾ 10ರದ್ದಕ್ಕಿಂತ ಕಡಿಮೆಯಾಗಿತ್ತು. ನಮ್ಮಂಥ ಕಂದು ಬಣ್ಣದ ಚರ್ಮದವರಿಗೆ ಇದು ಇನ್ನೂ ಮುಖ್ಯ. ನಮ್ಮ ಚರ್ಮ ಎಲ್ಲಿ ಕೆರಳುತ್ತದೋ ಅಲ್ಲಿ ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಮೊಡವೆಯ ಕಲೆ ಬೇಡವೆಂದು ಹಚ್ಚಿದ ಮದ್ದೇ ಕಲೆ ಮಾಡಿದರೆ ಏನು ಪ್ರಯೋಜನ? ಆದುದರಿಂದ ಮುಖಕ್ಕೆ 2.5ರಿಂದಲೇ ಆರಂಭಿಸುವುದು ಜಾಣತನ.

ಹಚ್ಚುವ ಕ್ರಮ

ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ನಾವು ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತೇವೆ; ಅಲಗು ಕೆಂಪಾದರೆ ಸುಣ್ಣ ಸಾಲದೆಂದು ಅರ್ಥ. ಈ ಮದ್ದಿಗೂ ಅಂಥದೊಂದು ಪರೀಕ್ಷೆಯಿದೆ. 2014ರಲ್ಲಿ ಅಮೇರಿಕದ ಔಷಧ ನಿಯಂತ್ರಣ ಇಲಾಖೆಯು, ಅಪರೂಪಕ್ಕೆ ಕೆಲವರಿಗೆ ಈ ಮದ್ದಿನಿಂದ ತೀವ್ರ ಅಲರ್ಜಿಯಾಗುತ್ತದೆ, ಆದುದರಿಂದ ಮೊದಲು ಮೂರು ದಿನ ಸಣ್ಣ ಜಾಗಕ್ಕೆ ಹಚ್ಚಿ ನೋಡಿರಿ ಎಂದು ಎಚ್ಚರಿಸಿತು. ಮೂರು ದಿನದಲ್ಲಿ ತೊಂದರೆಯೇನೂ ಇಲ್ಲದಿದ್ದರೆ ಹೀಗೆ ಮುಂದುವರಿಯಿರಿ:

1. ರಾತ್ರಿ ಮಲಗುವ ಮೊದಲು ಮೆದುವಾದ ಸಾಬೂನಿನಿಂದ ಮುಖ ತೊಳೆಯಿರಿ. ಉಜ್ಜದೆ, ಒತ್ತಿ ಒರೆಸಿರಿ. ಹತ್ತು ಹದಿನೈದು ನಿಮಿಷ ಕಾದು ಮುಖ ಪೂರ್ತಿ ಒಣಗಿದ ಮೇಲೆ ಮದ್ದು ಹಚ್ಚಿರಿ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು.

2. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಮದ್ದು ಸಾಕು. ಹಣೆ, ಎರಡು ಕೆನ್ನೆ, ಗಲ್ಲ ಇಲ್ಲಿ ಚುಕ್ಕಿ ಇಟ್ಟು ತೆಳುವಾಗಿ ಹರಡಿರಿ.

3. ಎದ್ದ ಮೊಡವೆಗೆ ಮಾತ್ರ ಹಚ್ಚಬೇಡಿ. ಮೊಡವೆ ಬರುವ ಜಾಗಕ್ಕೆಲ್ಲ ಹಚ್ಚಿರಿ. ಕೊಳೆ ಬಂದ ಗೊನೆಗೆ ಮಾತ್ರ ಮದ್ದು ಬಿಟ್ಟು ಉಳಿದವನ್ನು ಬಿಡುತ್ತೇವೆಯೇ? ಎಲ್ಲ ಗೊನೆಗೂ ಬಿಡುತ್ತೇವೆ, ಅದೂ ಮಳೆ ಹಿಡಿಯುವ ಮೊದಲೇ. ಇದೂ ಹಾಗೆಯೇ. ಮುಂದೆ ಬರಲಿರುವ ಮೊಡವೆಯನ್ನು ತಡೆಯುವುದೇ ಇದರ ಮುಖ್ಯ ಕೆಲಸ.

4. ಕಣ್ಣಿನ ಸುತ್ತ, ತುಟಿ, ಮೂಗಿನ ಹೊಳ್ಳೆಯ ಮೂಲೆ, ಗಾಯವಾದ ಜಾಗ ಇವಕ್ಕೆ ತಾಗಿಸಬೇಡಿ.

5. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚಿರಿ. ಒಂದು ಗಂಟೆ ಬಿಟ್ಟು ತೊಳೆದುಬಿಡಿ. ಚರ್ಮ ಒಗ್ಗಿದ ಮೇಲೆ ರಾತ್ರಿಯಿಡೀ ಬಿಡಬಹುದು, ಆಮೇಲೆ ದಿನಾಲೂ ಹಚ್ಚಬಹುದು.

6. ಸ್ವಲ್ಪ ಒಣಗುವುದು, ತುಸು ಸುಲಿಯುವುದು ಸಹಜ. ಜಿಡ್ಡಿಲ್ಲದ ಸಾದಾ ಲೋಶನ್ ಹಚ್ಚಿಕೊಳ್ಳಬಹುದು. ಮುಖಕ್ಕೆ ತೆಂಗಿನೆಣ್ಣೆ ಬೇಡ. ಗುಳಿಯ ಬಾಯಿ ಮತ್ತೆ ಮುಚ್ಚೀತು. ತಲೆಗೆ ಧಾರಾಳ ಎಣ್ಣೆ ಹಚ್ಚುವ ಮಕ್ಕಳ ಹಣೆಯಲ್ಲಿ ಮೊಡವೆ ಹೆಚ್ಚಿರುವುದನ್ನು ಗಮನಿಸಿರಬಹುದು. ಎಣ್ಣೆ ಹಚ್ಚಲಿ, ಆದರೆ ಹಣೆಗೆ ಇಳಿಯದಂತೆ ನೋಡಿಕೊಳ್ಳಲಿ.

7. ಮುಖ ಊದಿಕೊಂಡರೆ, ನೀರು ಗುಳ್ಳೆ ಎದ್ದರೆ, ತಡೆಯಲಾರದ ತುರಿಕೆಯಾದರೆ ಮದ್ದನ್ನು ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

8. ಹಗಲು ಬಿಸಿಲಿಗೆ ಹೋಗುವಾಗ ಕೊಡೆ ಅಥವಾ ಟೊಪ್ಪಿ ಇರಲಿ.

ಬೈರಾಸು ಬೆಳ್ಳಗಾದ ಕತೆ

ಮದ್ದು ಆರಂಭಿಸಿದ ಮೂರನೆಯ ವಾರ ಆ ಹುಡುಗನ ತಾಯಿ ಸ್ವಲ್ಪ ಕೋಪದಲ್ಲೇ ಬಂದರು. "ಫಾದರ್, ಇದೆಂಥ ಮದ್ದು? ಹಬ್ಬಕ್ಕೆ ತೆಗೆದ ನೀಲಿ ಅಂಗಿಯ ಕಾಲರು ಪೂರಾ ಬೆಳ್ಳಗಾಗಿದೆ. ಬೈರಾಸಿನಲ್ಲಿ ಚುಕ್ಕಿ ಚುಕ್ಕಿ. ಬಟ್ಟೆಯೇ ಹೀಗಾದರೆ ಮುಖ ಏನಾದೀತು?" ಎಂದು ಕೇಳಿದರು. ಅವರ ಭಯ ನ್ಯಾಯವಾದದ್ದೇ. ಆದರೆ ಭಯಪಡಬೇಕಾಗಿಲ್ಲ. ಪೆರಾಕ್ಸೈಡ್ ಜಾತಿಯ ವಸ್ತುಗಳು ಬಟ್ಟೆಗೆ ಹಾಕಿದ ಬಣ್ಣವನ್ನು ತೆಗೆಯುತ್ತವೆ. ಕೆಲವು ದೇಶಗಳಲ್ಲಿ ಗೋಧಿ ಹಿಟ್ಟನ್ನು ಬೆಳ್ಳಗೆ ಮಾಡಲು ಬಳಸಿದ್ದೂ ಇದೇ ವಸ್ತುವನ್ನು. ಕೂದಲು, ಹುಬ್ಬಿಗೆ ತಾಗಿದರೆ ಅವುಗಳ ಬಣ್ಣವೂ ಮಾಸಬಹುದು. ಆದರೆ ಚರ್ಮದ ಸಹಜ ಬಣ್ಣವನ್ನು ಇದು ತೆಗೆಯುವುದಿಲ್ಲ. ಬಿಳುಪಾಗಲು ಯಾರೂ ಇದನ್ನು ಹಚ್ಚುವುದೂ ಬೇಡ. ಮದ್ದು ಹಚ್ಚುವವರಿಗೆ ಬಿಳಿಯ ಬೈರಾಸು, ಬಿಳಿಯ ತಲೆದಿಂಬಿನ ಚೀಲ, ಮಲಗುವಾಗ ಹಳೆಯ ಅಂಗಿ ಇಷ್ಟಿದ್ದರೆ ಸಾಕು. ಹಚ್ಚಿದ ಕೈಯನ್ನು ಸಾಬೂನು ಹಾಕಿ ತೊಳೆಯಬೇಕು.

ತಾಳ್ಮೆ ಎಷ್ಟು ದಿನ?

ಹೆಚ್ಚಿನವರು ಸೋಲುವುದು ಇಲ್ಲಿಯೇ. ಒಂದು ವಾರ ಹಚ್ಚಿ, "ಇದರಿಂದ ಏನೂ ಆಗಲಿಲ್ಲ" ಎಂದು ಟ್ಯೂಬನ್ನು ಬಿಸಾಡುತ್ತಾರೆ. ಇಂದು ಕಣ್ಣಿಗೆ ಕಾಣುವ ಮೊಡವೆ ಎಷ್ಟೋ ವಾರಗಳ ಹಿಂದೆಯೇ ಚರ್ಮದೊಳಗೆ ಆರಂಭವಾದದ್ದು. ಹಾಗಾಗಿ ನಾಲ್ಕು ವಾರದಲ್ಲಿ ಸ್ವಲ್ಪ ಬದಲಾವಣೆ, ಎಂಟರಿಂದ ಹನ್ನೆರಡು ವಾರದಲ್ಲಿ ಸ್ಪಷ್ಟ ಗುಣ ಎಂದು ಲೆಕ್ಕ ಹಾಕಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರು ತಿಂಗಳಾದ ಮೇಲೆ ಲೆಕ್ಕ ನೋಡಿರಿ. ಗುಣವಾದ ಕೂಡಲೇ ನಿಲ್ಲಿಸಿದರೆ ಮೊಡವೆ ಮರಳಿ ಬರಬಹುದು. ಎಷ್ಟು ಕಾಲ ಮುಂದುವರಿಸಬೇಕೆಂದು ವೈದ್ಯರಲ್ಲಿ ಕೇಳಿ ತಿಳಿಯಿರಿ.

ಈ ನಡುವೆ ಚಿವುಟುವುದು, ಹಿಚುಕುವುದು ಖಂಡಿತ ಬೇಡ. ಹಿಚುಕಿದಾಗ ಕೀವು ಹೊರಗೆ ಬಂದಷ್ಟೇ ಒಳಗೂ ಹೋಗುತ್ತದೆ. ಗುಳಿ ಬೀಳುವುದು ಹಾಗೆಯೇ. ಲಿಂಬೆರಸ, ಟೂತ್‌ಪೇಸ್ಟು, ಸುಣ್ಣ ಇವು ಯಾವುವೂ ಮುಖಕ್ಕೆ ಬೇಡ.

ಕೆಲವರಿಗೆ ವೈದ್ಯರು ಇದರ ಜತೆ ಅಡಾಪಲೀನ್ ಎಂಬ ಇನ್ನೊಂದು ಮದ್ದನ್ನು ಕೊಡುತ್ತಾರೆ. ಎರಡೂ ಒಂದೇ ಟ್ಯೂಬಿನಲ್ಲಿ ಇರುವುದೂ ಉಂಟು. ಟ್ರೆಟಿನೊಯಿನ್ ಎಂಬ ಹಳೆಯ ಮದ್ದನ್ನು ಮಾತ್ರ ಇದರ ಜತೆ ಒಂದೇ ಹೊತ್ತಿಗೆ ಹಚ್ಚಬಾರದು, ಪೆರಾಕ್ಸೈಡು ಅದರ ಶಕ್ತಿಯನ್ನು ಕೆಡಿಸಬಹುದು. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಎಂದು ವೈದ್ಯರು ಹೇಳಿಯಾರು. ಅಡಾಪಲೀನ್, ಟ್ರೆಟಿನೊಯಿನ್ ಇವು ಗರ್ಭಿಣಿಯರಿಗೆ ಸಲ್ಲದು.

ಹಚ್ಚಲೇಬಾರದ ಟ್ಯೂಬು

ಇನ್ನು ಆ ಹುಡುಗನ ಕಿಸೆಯಲ್ಲಿದ್ದ ಟ್ಯೂಬಿನ ವಿಷಯ. ಸ್ಟಿರಾಯ್ಡ್ ಕ್ರೀಮುಗಳು ಇಸುಬು ಮೊದಲಾದ ಕೆಲವು ರೋಗಗಳಿಗೆ ವೈದ್ಯರ ಸಲಹೆಯಂತೆ ಬಳಸಿದರೆ ಒಳ್ಳೆಯ ಮದ್ದುಗಳೇ. ಮೊಡವೆಯ ಮುಖಕ್ಕೆ ಹಚ್ಚಿದರೆ ಮೊದಲ ಕೆಲವು ದಿನ ಕೆಂಪು ಇಳಿದು, ಬಣ್ಣ ತಿಳಿಯಾಗಿ, ಮುಖ ಚಂದವಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಬೇಡದ ರೋಮ ಬೆಳೆಯುತ್ತದೆ, ಮೊಡವೆ ಮೊದಲಿಗಿಂತ ಹೆಚ್ಚಾಗುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಮದುವೆಗೆ ಎರಡು ವಾರವಿರುವಾಗ ಇದನ್ನು ಹಚ್ಚಿಕೊಳ್ಳುವ ನಮ್ಮ ಹೆಣ್ಣುಮಕ್ಕಳು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಇದು ಒಂದಿಬ್ಬರ ಕತೆಯಲ್ಲ. ನಮ್ಮ ದೇಶದ 12 ಕೇಂದ್ರಗಳಲ್ಲಿ ಚರ್ಮವೈದ್ಯರು ಸೇರಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮುಖದ ಚರ್ಮದ ತೊಂದರೆಯಿಂದ ಬಂದ 2926 ಮಂದಿಯಲ್ಲಿ 433 ಮಂದಿ ಸ್ಟಿರಾಯ್ಡ್ ಕ್ರೀಮು ಹಚ್ಚುತ್ತಿದ್ದರು. ಅವರಲ್ಲಿ 257 ಮಂದಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲದವರು. ಹಾನಿ ಕಂಡುಬಂದದ್ದು 392 ಮಂದಿಯಲ್ಲಿ, ಎಂದರೆ ಹತ್ತರಲ್ಲಿ ಒಂಬತ್ತು ಜನರಲ್ಲಿ. ಆ ಹಾನಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಮೊಡವೆಯೇ! 2018ರಲ್ಲಿ ಕೇಂದ್ರ ಸರಕಾರವು ಇಂಥ 14 ಸ್ಟಿರಾಯ್ಡ್‌ಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಮಾಡಿತು. ಆದರೂ ಗೆಳೆಯರ ಕೈಯಿಂದ ಕೈಗೆ ಟ್ಯೂಬುಗಳು ಬರುತ್ತಲೇ ಇವೆ. ಹೆಸರಿನಲ್ಲಿ ಬೀಟಾಮೆಥಸೋನ್, ಕ್ಲೋಬಿಟಸೋಲ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್ ಎಂದು ತಿಳಿಯಿರಿ. ಈಗಾಗಲೇ ಬಹಳ ದಿನ ಹಚ್ಚಿದವರು ಅದರ ಮೇಲೆ ಬೆಂಜಾಯಿಲ್ ಪೆರಾಕ್ಸೈಡನ್ನು ತಾವಾಗಿ ಹಚ್ಚಬೇಡಿ, ಉರಿ ತಡೆಯಲಾಗದು. ಮೊದಲು ವೈದ್ಯರನ್ನು ಕಾಣಿರಿ. ನಮ್ಮ ಹುಡುಗನಿಗೂ ವೈದ್ಯರು ಮೊದಲು ಆ ಕ್ರೀಮು ಬಿಡಿಸಿ, ಚರ್ಮ ತಣಿಯಲು ಕೆಲವು ವಾರ ಕೊಟ್ಟು, ಆಮೇಲೆಯೇ ಈ ಮದ್ದನ್ನು ಆರಂಭಿಸಿದರು.

ಬಿಸಿಲಲ್ಲಿ ಇಡಬೇಡಿ

ಈ ಮದ್ದಿನ ಬಗ್ಗೆ ಇತ್ತೀಚೆಗೆ ಎದ್ದ ಒಂದು ಆತಂಕವನ್ನೂ ಹೇಳಬೇಕು. ಬಿಸಿಯಲ್ಲಿಟ್ಟರೆ ಬೆಂಜಾಯಿಲ್ ಪೆರಾಕ್ಸೈಡು ನಿಧಾನವಾಗಿ ಒಡೆದು ಬೆಂಜೀನ್ ಎಂಬ ವಸ್ತು ಉಂಟಾಗುತ್ತದೆ. ಅದು ಕ್ಯಾನ್ಸರಿಗೆ ಕಾರಣವಾಗಬಲ್ಲದು. 2024ರಲ್ಲಿ ಅಮೇರಿಕದ ಪರೀಕ್ಷಾಲಯವೊಂದು ಇದನ್ನು ಎತ್ತಿ ತೋರಿಸಿತು. ಅಲ್ಲಿನ ಔಷಧ ನಿಯಂತ್ರಣ ಇಲಾಖೆ ತಾನೇ 95 ಉತ್ಪನ್ನಗಳನ್ನು ಪರೀಕ್ಷಿಸಿ 2025ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಶೇಕಡಾ 90ಕ್ಕಿಂತ ಹೆಚ್ಚಿನವುಗಳಲ್ಲಿ ಬೆಂಜೀನ್ ಇರಲಿಲ್ಲ ಅಥವಾ ತೀರಾ ಅಲ್ಪವಿತ್ತು. ಹೆಚ್ಚು ಕಂಡ ಕೆಲವನ್ನು ಅಂಗಡಿಗಳಿಂದ ಹಿಂತೆಗೆಸಲಾಯಿತು. ಈ ಮದ್ದು ಬಳಸಿದವರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನಗಳಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ.

ನಾವು ಮಾಡಬೇಕಾದದ್ದು ಇಷ್ಟೇ. ಸಣ್ಣ ಟ್ಯೂಬನ್ನೇ ಕೊಳ್ಳಿರಿ. ಅವಧಿ ಮುಗಿದದ್ದನ್ನು ಹಚ್ಚಬೇಡಿ. ಸ್ಕೂಟರಿನ ಡಬ್ಬಿ, ಕಾರು, ಬಿಸಿಲು ಬೀಳುವ ಕಿಟಕಿ, ಒಲೆಯ ಹತ್ತಿರದ ಶೆಲ್ಫು ಇಲ್ಲೆಲ್ಲ ಇಡಬೇಡಿ. ಮಾರ್ಚಿಯಿಂದ ಮೇ ತನಕ ನಮ್ಮ ಊರಿನ ಸೆಕೆ ಗೊತ್ತೇ ಇದೆ. ಮನೆಯ ತಂಪಾದ ಕೋಣೆಯಲ್ಲಿ, ಸಣ್ಣ ಮಕ್ಕಳ ಕೈಗೆ ಸಿಗದಂತೆ ಇಡಿರಿ.

ವೈದ್ಯರ ಬಳಿಗೆ ಯಾವಾಗ?

ಮೂರು ತಿಂಗಳು ಕ್ರಮವಾಗಿ ಹಚ್ಚಿಯೂ ಗುಣ ಕಾಣದಿದ್ದರೆ. ಗಂಟುಗಂಟಾಗಿ ನೋವಿನ ಮೊಡವೆಗಳಿದ್ದರೆ. ಗುಳಿ ಬೀಳಲು ಆರಂಭವಾಗಿದ್ದರೆ. ಹುಡುಗಿಯರಲ್ಲಿ ಮುಟ್ಟು ಕ್ರಮ ತಪ್ಪಿ, ಮುಖದಲ್ಲಿ ರೋಮವೂ ಬೆಳೆಯುತ್ತಿದ್ದರೆ. ಮೊಡವೆಗಿಂತ ತುರಿಕೆಯೇ ಹೆಚ್ಚಾಗಿದ್ದರೆ ಕಾಯಬೇಡಿ. ಗುಳಿ ಬಿದ್ದ ಮೇಲೆ ಅದನ್ನು ತುಂಬುವುದು ಕಷ್ಟ, ಖರ್ಚೂ ಹೆಚ್ಚು. ಬೀಳುವ ಮೊದಲು ತಡೆಯುವುದು ಸುಲಭ. ತೀವ್ರ ಮೊಡವೆಗೆ ಐಸೊಟ್ರೆಟಿನೊಯಿನ್ ಎಂಬ ಮಾತ್ರೆಯಿದೆ. ಅದನ್ನು ವೈದ್ಯರ ನಿಗಾದಲ್ಲಿ ಮಾತ್ರ ನುಂಗಬೇಕು. ಗರ್ಭಿಣಿ ನುಂಗಿದರೆ ಮಗುವಿಗೆ ಅಂಗವೈಕಲ್ಯ ಬರುವ ಅಪಾಯವಿದೆ.

ಹೆತ್ತವರಿಗೆ ಎರಡು ಮಾತು

ಮೊಡವೆ ಬಂದ ಮಕ್ಕಳಿಗೆ ಮನೆಯಲ್ಲಿ ಸಿಗುವ ಮದ್ದೆಂದರೆ ಬೈಗುಳ. "ಕರಿದ ತಿಂಡಿ ತಿಂದದ್ದಕ್ಕೆ", "ಕನ್ನಡಿ ನೋಡಿ ನೋಡಿ", "ಮನಸ್ಸಿನಲ್ಲಿ ಕೆಟ್ಟ ಯೋಚನೆ ಇದ್ದದ್ದಕ್ಕೆ" ಎಂದೆಲ್ಲ ಹೇಳುತ್ತಾರೆ. ಸಕ್ಕರೆ, ಮೈದಾ ಮೊದಲಾದವನ್ನು ಅತಿಯಾಗಿ ತಿನ್ನುವುದಕ್ಕೂ ಮೊಡವೆಗೂ ಸ್ವಲ್ಪ ಸಂಬಂಧವಿದೆಯೆಂದು ಅಧ್ಯಯನಗಳು ತೋರಿಸಿವೆ, ಅವನ್ನು ಮಿತಗೊಳಿಸಲಿ. ಆದರೆ ಕೊನೆಯ ಮಾತು ಮಾತ್ರ ಶುದ್ಧ ಸುಳ್ಳು. ಯುವಕನೊಬ್ಬ ಇದೇ ಅಂಜಿಕೆಯನ್ನು ಹೊತ್ತು ನಮ್ಮ ಬಳಿ ಬಂದದ್ದುಂಟು. ಧರ್ಮಗುರುಗಳಾಗಿ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಮೊಡವೆ ಯಾವ ಪಾಪದ ಗುರುತೂ ಅಲ್ಲ, ಯಾವ ಶಿಕ್ಷೆಯೂ ಅಲ್ಲ. ಅದು ಬೆಳೆಯುವ ದೇಹದ ಒಂದು ತೊಂದರೆ, ಅದಕ್ಕೆ ಮದ್ದಿದೆ. ಮುಖ ನೋಡಿ ನಗುವುದು, ಅಡ್ಡಹೆಸರು ಇಡುವುದು ಮಾತ್ರ ನಿಜವಾಗಿ ತಿದ್ದಿಕೊಳ್ಳಬೇಕಾದ ತಪ್ಪು. ಮಗು ಕೋಣೆಯ ಬಾಗಿಲು ಹಾಕಿಕೊಂಡು ಯಾರೊಡನೆಯೂ ಮಾತಾಡದಿದ್ದರೆ, ಊಟ, ನಿದ್ದೆ ಬಿಟ್ಟರೆ, ಅದನ್ನು ಹಟವೆಂದು ತಳ್ಳಿಹಾಕದೆ ಹತ್ತಿರ ಕುಳಿತು ಕೇಳಿರಿ. ಅಗತ್ಯವಿದ್ದರೆ ಮನಸ್ಸಿನ ವೈದ್ಯರ ನೆರವನ್ನೂ ಪಡೆಯಿರಿ.

ನಮ್ಮ ಹುಡುಗ ಮದ್ದು ಆರಂಭಿಸಿ ಈಗ ಹನ್ನೊಂದು ವಾರವಾಯಿತು. ಮುಖ ಪೂರ್ತಿ ಸರಿಯಾಗಿಲ್ಲ. ಗಲ್ಲದಲ್ಲಿ ಒಂದೆರಡು ಹೊಸ ಮೊಡವೆ ಬರುತ್ತಿವೆ, ಕಪ್ಪು ಕಲೆಗಳು ಮಾಸಲು ಇನ್ನೂ ಕೆಲವು ತಿಂಗಳು ಬೇಕೆಂದು ವೈದ್ಯರು ಹೇಳಿದ್ದಾರೆ. ಆದರೆ ಕೀವಿಲ್ಲ, ಹೊಸ ಗುಳಿ ಬಿದ್ದಿಲ್ಲ. ಶಾಲೆಗೆ ಹೋಗುತ್ತಿದ್ದಾನೆ. ಕಳೆದ ಆದಿತ್ಯವಾರ ಗಾಯನ ವೃಂದದಲ್ಲಿ ಎರಡನೆಯ ಸಾಲಿನಲ್ಲಿ ನಿಂತಿದ್ದ. ಕಾಲರು ಬೆಳ್ಳಗಾದ ಆ ನೀಲಿ ಅಂಗಿಯನ್ನೇ ಹಾಕಿಕೊಂಡು. ಅವನ ತಾಯಿ ನಮ್ಮ ಕಡೆ ನೋಡಿ ಸ್ವಲ್ಪ ನಕ್ಕರು.

ಮುಂದಿನ ಸಂಚಿಕೆಯಲ್ಲಿ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಬರೆಯುತ್ತೇವೆ. ಅಲ್ಲಿಯ ತನಕ ನಿಮ್ಮ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಳುವ ಮಗುವೊಂದಿದ್ದರೆ, ಈ ಪುಟವನ್ನು ಅದರ ಕೈಗೆ ಕೊಡಿರಿ.